ಕೊಂಬಿನಿ ಫ್ರೀಜರಿನಲ್ಲಿ ನಮಗೇನು ಸಿಗುತ್ತೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಪಾನಿನದ್ದೇ ಜಾಸ್ತಿ. ಕೆಲವರು ಪ್ರವಾಸಕ್ಕೆ ಹೊರಟಿದ್ದಾರೆ, ಕೆಲವರನ್ನು ಕಂಪನಿ ಕಳಿಸುತ್ತಿದೆ, ಇನ್ನು ಕೆಲವರ ಮಕ್ಕಳು ಆಗಲೇ ಅಲ್ಲಿದ್ದಾರೆ. ಎಲ್ಲರೂ ಕೇಳಿರುವುದು ಊಟದ ಬಗ್ಗೆ, ಅದರಲ್ಲೂ ಕೊಂಬಿನಿಯ ಫ್ರೋಜನ್ ತಿಂಡಿಗಳ ಬಗ್ಗೆ. ಕೊಂಬಿನಿ ಅಂದರೆ ಹೆಚ್ಚಿನ ಕಡೆ ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿ. ಕನ್ವೀನಿಯನ್ಸ್ ಸ್ಟೋರ್ ಅನ್ನುವ ಉದ್ದದ ಹೆಸರನ್ನು ಜಪಾನಿನವರು ಹಾಗೆ ಚಿಕ್ಕದು ಮಾಡಿಕೊಂಡಿದ್ದಾರೆ. ಸೆವೆನ್-ಇಲೆವೆನ್, ಫ್ಯಾಮಿಲಿಮಾರ್ಟ್, ಲಾಸನ್, ಈ ಮೂರು ದೊಡ್ಡವು. ಎಲ್ಲಾ ಸೇರಿ ದೇಶದಲ್ಲಿ ಇಂಥ ಅಂಗಡಿಗಳು ಸುಮಾರು 55 ಸಾವಿರ ಇವೆ. ನಾನು ಕವಾಸಾಕಿಯಲ್ಲಿ ಆರು ವರ್ಷ ಇದ್ದೆ, ಒಂದು ಸಣ್ಣ ರೂಮು, ಒಂದು ಒಲೆ, ಒಂದು ಮೈಕ್ರೊವೇವ್. ಆಗ ತಿಂದು ನೋಡಿ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ಕಂಪನಿಯ ತರಬೇತಿಗೆ ಮೂರು ವಾರ ನಾಗೋಯಾಗೆ ಹೋಗುತ್ತಿದ್ದೇನೆ. ನಾನು ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಹೋಟೆಲಿನಲ್ಲಿ ಮೈಕ್ರೊವೇವ್ ಇದೆಯಂತೆ. ಕೊಂಬಿನಿಯಲ್ಲಿ ನನಗೆ ಬಾಳೆಹಣ್ಣು, ಬ್ರೆಡ್ಡು ಬಿಟ್ಟು ಏನೂ ಸಿಗಲ್ಲ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ನಿಜಾನಾ?
(ಒಬ್ಬ ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಸ್ನೇಹಿತರು ಬಿಸಿ ತಿಂಡಿಯ ಕೌಂಟರ್ ಮುಂದೆ ನಿಂತು ವಾಪಸ್ ಬಂದಿರಬೇಕು. ನೀವು ನೇರವಾಗಿ ಫ್ರೀಜರ್ ಹತ್ತಿರ ಹೋಗಿ. ನಮ್ಮಂಥವರಿಗೆ ಆ ಅಂಗಡಿಯಲ್ಲಿ ಅದೇ ಒಳ್ಳೆಯ ಜಾಗ. ಅಲ್ಲಿ ತರಕಾರಿ ತರಕಾರಿಯಾಗೇ ಇರುತ್ತೆ, ಹಣ್ಣು ಹಣ್ಣಾಗೇ ಇರುತ್ತೆ, ಯಾವುದಕ್ಕೂ ಇನ್ನೂ ಸಾರು ಸೋಕಿರುವುದಿಲ್ಲ. ಜಪಾನಿನಲ್ಲಿ ಸಸ್ಯಾಹಾರಿಗೆ ನಿಜವಾದ ತೊಂದರೆ ಕಣ್ಣಿಗೆ ಕಾಣುವ ಮಾಂಸದಿಂದ ಅಲ್ಲ. ದಾಶಿ ಅಂತ ಒಂದು ತಿಳಿಸಾರು ಇದೆ, ಹೆಚ್ಚಾಗಿ ಕತ್ಸುವೊ ಅನ್ನುವ ಮೀನನ್ನು ಒಣಗಿಸಿ, ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ ಇಳಿಸಿದ್ದು. ಅದು ಬೇಯಿಸಿದ ಕುಂಬಳಕಾಯಿಯಲ್ಲೂ ಇರುತ್ತೆ, ಸಾಸಿನಲ್ಲೂ ಇರುತ್ತೆ.

ಮೊದಲು ಎದಮಾಮೆ ತಗೊಳ್ಳಿ. ಎಳೆ ಸೋಯಾ ಕಾಯಿ ಅದು, ಸಿಪ್ಪೆ ಸಮೇತ ಬೇಯಿಸಿ ಉಪ್ಪು ಹಾಕಿ ಫ್ರೀಜ್ ಮಾಡಿರುತ್ತಾರೆ. ಸೊಗಡಿನ ಅವರೆಕಾಯಿಯನ್ನು ಉಪ್ಪು ಹಾಕಿ ಬೇಯಿಸಿ, ಕಾಯಿ ಬಾಯಲ್ಲಿಟ್ಟು ಕಾಳು ಹಿಂಡಿ ತಿಂದವರಿಗೆ ಇದನ್ನು ತಿನ್ನುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಕ್ರೊವೇವ್ ಕೂಡ ಬೇಡ, ತಣ್ಣೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಹೊಟ್ಟೆ ತುಂಬುತ್ತೆ, ಪ್ರೋಟೀನ್ ಸಿಗುತ್ತೆ, ಕಾಯಿ ಮತ್ತು ಉಪ್ಪು ಬಿಟ್ಟು ಬೇರೇನೂ ಇಲ್ಲದ ಪ್ಯಾಕೆಟ್ ಸುಲಭವಾಗಿ ಸಿಗುತ್ತೆ. ಆಫೀಸಿನಿಂದ ರಾತ್ರಿ ಹತ್ತಕ್ಕೆ ಬಂದು ಅಡುಗೆ ಮಾಡಲು ಕೈ ಏಳದ ಎಷ್ಟೋ ದಿನ ನನ್ನ ಊಟ ಇದೇ ಆಗಿತ್ತು. ಒಂದು ದಿನವೂ ಬೇಸರ ಆಗಲಿಲ್ಲ.

ಎರಡನೆಯದು ಖಾಲಿ ಉದೊನ್. ದಪ್ಪ ಗೋಧಿ ಶಾವಿಗೆ ಇದು. ಗೋಧಿ ಹಿಟ್ಟು, ಉಪ್ಪು, ನೀರು, ಹೆಚ್ಚಿನವುಗಳಲ್ಲಿ ಸ್ವಲ್ಪ ಟ್ಯಾಪಿಯೋಕಾ ಪಿಷ್ಟ. ಅಂದರೆ ಮರಗೆಣಸಿನ ಪಿಷ್ಟ, ನಮ್ಮ ಸಬ್ಬಕ್ಕಿ ಮಾಡುವುದೂ ಅದರಿಂದಲೇ. ಆ ಪಿಷ್ಟ ಇರುವುದರಿಂದ ಫ್ರೀಜ್ ಮಾಡಿ ಮತ್ತೆ ಬಿಸಿ ಮಾಡಿದಾಗಲೂ ಎಳೆ ಮುರಿಯದೆ, ಹಲ್ಲಿಗೆ ಹಿತವಾಗಿ ಒತ್ತಿಕೊಳ್ಳುತ್ತೆ. ಜಪಾನಿನವರು ಆ ಗುಣಕ್ಕೆ ಕೊಶಿ ಅನ್ನುತ್ತಾರೆ. ಉದೊನ್‌ಗೆ ಹೆಸರಾದ ಕಾಗಾವಾ ಪ್ರಾಂತ್ಯದ ಕತೊಕಿಚಿ ಕಂಪನಿ ಇದನ್ನು ಫ್ರೀಜ್ ಮಾಡಿ ಮಾರಲು ಶುರು ಮಾಡಿದ್ದು 1974ರಲ್ಲಿ. ಈಗ ಅದರ ಹೆಸರು ಟೇಬಲ್‌ಮಾರ್ಕ್. ನನ್ನ ಕೇಳಿದರೆ, ಅಂಗಡಿಯಲ್ಲಿ ಸಿಗುವ ಒಣ ಉದೊನ್‌ಗಿಂತ, ತಣ್ಣಗೆ ಇಟ್ಟು ಮಾರುವ ಹಸಿ ಉದೊನ್‌ಗಿಂತ ಈ ಫ್ರೋಜನ್‌ದೇ ಮೇಲು. ಆದರೆ ಸಾರಿನ ಜೊತೆ ಬರುವ ಪ್ಯಾಕೆಟ್ ತಗೋಬೇಡಿ, ಅದರಲ್ಲಿ ದಾಶಿ ಇರುತ್ತೆ. ಸುಮ್ನೆ ಮೂರೋ ಐದೋ ಉಂಡೆ ಇರುವ ಖಾಲಿ ಉದೊನ್ ನೋಡಿ. ಸಣ್ಣ ಕೊಂಬಿನಿಯಲ್ಲಿ ಸಿಗದಿದ್ದರೆ ಪಕ್ಕದ ಸೂಪರ್‌ ಮಾರ್ಕೆಟ್ಟಿನಲ್ಲಿ ಸಿಕ್ಕೇ ಸಿಗುತ್ತೆ. ಮೈಕ್ರೊವೇವ್‌ನಲ್ಲಿ ನಾಲ್ಕು ನಿಮಿಷದೊಳಗೆ ಆಗಿಬಿಡುತ್ತೆ. ಮನೆಯಿಂದ ಚಟ್ನಿಪುಡಿ ಒಯ್ಯಿರಿ, ಎಳ್ಳೆಣ್ಣೆ ಅಲ್ಲೇ ಸಿಗುತ್ತೆ. ಬಿಸಿ ಉದೊನ್‌ಗೆ ಎರಡನ್ನೂ ಹಾಕಿ ಕಲಸಿ. ನಾನು ಒಲೆ ಇದ್ದಾಗ ಸಾಸಿವೆ, ಒಣಮೆಣಸಿನಕಾಯಿ, ಕಡಲೆಬೇಳೆ ಒಗ್ಗರಣೆ ಹಾಕಿಕೊಳ್ಳುತ್ತಿದ್ದೆ. ಆ ದಪ್ಪ ಎಳೆಗೆ ಒಗ್ಗರಣೆ ಎಷ್ಟು ಚೆನ್ನಾಗಿ ಹಿಡಿಯುತ್ತೆ ಅಂತ ತಿಂದೇ ನೋಡಬೇಕು.

ಪಾಲಕ್, ಬ್ರೊಕೊಲಿ ಹಾಗೇ ಫ್ರೀಜ್ ಮಾಡಿದ್ದು ಸಿಗುತ್ತೆ, ಉದೊನ್ ಜೊತೆ ಹಾಕಿಕೊಳ್ಳಿ. ಮಾವು, ಬ್ಲೂಬೆರಿ ಬೆಳಗಿನ ತಿಂಡಿಗೆ ಆಗುತ್ತೆ. ಆಲೂಗಡ್ಡೆ ಫ್ರೈಸ್ ಮಾತ್ರ ನೋಡಿ ತಗೊಳ್ಳಿ, ಕೆಲವದರಲ್ಲಿ ದನದ ಕೊಬ್ಬು ಬಳಸಿರುತ್ತಾರೆ. ಇನ್ನೊಂದು, ಹೋಟೆಲ್ ರೂಮಿನ ಪುಟ್ಟ ಫ್ರಿಜ್‌ಗಳಲ್ಲಿ ಫ್ರೀಜರ್ ಇರುವುದು ಕಡಿಮೆ. ಹಾಗಾಗಿ ಆ ರಾತ್ರಿಗೆ ಬೇಕಾದಷ್ಟೇ ಕೊಂಡುಕೊಳ್ಳಿ. ಅಂಗಡಿ ಹೇಗೂ ಹತ್ತಿರದಲ್ಲೇ ಇರುತ್ತೆ.

ಪ್ರಶ್ನೆ: ಪ್ಯಾಕೆಟ್ ಮೇಲೆ ತರಕಾರಿ ಚಿತ್ರ ಇದ್ದು, 'ತರಕಾರಿಯದ್ದು' ಅಂತ ಬರೆದಿದ್ದರೆ ಧೈರ್ಯವಾಗಿ ತಿನ್ನಬಹುದು ಅಲ್ವಾ?
(ಓದುಗರೊಬ್ಬರು, ಹಾಸನ)

ಉತ್ತರ: ಬೇಡ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹೋದ ಹೊಸದರಲ್ಲಿ ಎಲೆಕೋಸಿನ ಚಿತ್ರ ಇದ್ದ ಗ್ಯೋಜಾ ಪ್ಯಾಕೆಟ್ ತಂದೆ. ಗ್ಯೋಜಾ ಅಂದರೆ ಕರಿಗಡುಬಿನ ಆಕಾರದ ಖಾರದ ಕಡುಬು, ಒಂದು ಕಡೆ ಮಾತ್ರ ಕಾವಲಿಯಲ್ಲಿ ಕೆಂಪಗೆ ಸುಟ್ಟಿರುತ್ತೆ. ಮೇಲೆ 'ಯಸಾಯಿ' ಅಂತ ಬರೆದಿತ್ತು, ಅಂದರೆ ತರಕಾರಿ. ಎರಡು ದಿನ ತಿಂದೆ. ಮೂರನೇ ದಿನ ಪಕ್ಕದ ಮನೆಯ ಅಜ್ಜಿ ಹಿಂಬದಿ ಓದಿ, ಇದರಲ್ಲಿ ಹಂದಿ ಮಾಂಸ ಇದೆಯಲ್ಲಮ್ಮ ಅಂದರು. ಆವತ್ತು ರಾತ್ರಿ ಊಟ ಸೇರಲಿಲ್ಲ, ಅಮ್ಮನಿಗೆ ಫೋನ್ ಮಾಡಿ ಅತ್ತೆ. ಆದರೆ ಅಂಗಡಿಯವರು ಮೋಸ ಮಾಡಿದ್ದಲ್ಲ. ಅಲ್ಲಿ 'ತರಕಾರಿ ಗ್ಯೋಜಾ' ಅಂದರೆ ತರಕಾರಿ ಜಾಸ್ತಿ ಇರುವ ಗ್ಯೋಜಾ ಅಂತ ಅರ್ಥ, ಮಾಂಸ ಇಲ್ಲ ಅಂತಲ್ಲ. ನಮ್ಮ ಹಾಗೆ ಹಸಿರು ಚುಕ್ಕೆ, ಕಂದು ಗುರುತು ಹಾಕುವ ಪದ್ಧತಿ ಅಲ್ಲಿಲ್ಲ.

ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡುವ ಆ್ಯಪ್ ಈಗ ಎಲ್ಲರ ಹತ್ತಿರ ಇದೆ, ಅದು ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತೆ. ಆದರೂ ಅಕ್ಷರ ಸಣ್ಣದಿದ್ದಾಗ, ಪ್ಯಾಕೆಟ್ ಮೇಲೆ ಮಂಜು ಕೂತಾಗ ತಪ್ಪು ಓದುತ್ತೆ. ಹಾಗಾಗಿ ಹೋಟೆಲಿನ ಕೌಂಟರಿನಲ್ಲಿ ಈ ಪದಗಳನ್ನು ಜಪಾನಿ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ಬುತಾ (ಹಂದಿ), ಗ್ಯೂ (ದನ), ತೊರಿ (ಕೋಳಿ), ಸಕನಾ (ಮೀನು), ಕತ್ಸುವೊ, ತಮಾಗೊ (ಮೊಟ್ಟೆ), ಜೆರಾಚಿನ್ (ಜೆಲಾಟಿನ್, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು), ಎಕಿಸು. ಕೊನೆಯದಕ್ಕೆ ಸಾರ, ರಸ ಅಂತ ಅರ್ಥ. ಬುತಾ ಎಕಿಸು, ಚಿಕಿನ್ ಎಕಿಸು ಅಂತ ಎಲ್ಲೆಲ್ಲೋ ನುಸುಳಿರುತ್ತೆ. ಆ ಚೀಟಿ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದರೆ ಒಂದು ವಾರದಲ್ಲಿ ಕಣ್ಣಿಗೆ ರೂಢಿಯಾಗುತ್ತೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಪ್ಯಾಕೆಟ್ ಹಿಂದೆ ಅಲರ್ಜಿ ಪಟ್ಟಿ ಅಂತ ಒಂದು ಚೌಕ ಇರುತ್ತೆ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಇವನ್ನು ತಿಳಿಸುವುದು ಕಡ್ಡಾಯ. ದನ, ಹಂದಿ, ಕೋಳಿ, ಜೆಲಾಟಿನ್ ಇವನ್ನು ತಿಳಿಸಿ ಅಂತ ಸಲಹೆ ಮಾತ್ರ ಇದೆ, ಹೆಚ್ಚಿನ ಕಂಪನಿಗಳು ಹಾಕುತ್ತವೆ. ಆದರೆ ಕತ್ಸುವೊ ಮೀನು ಆ ಪಟ್ಟಿಯಲ್ಲೇ ಇಲ್ಲ. ಚೌಕವೊಂದನ್ನೇ ನೋಡಿ 'ಮಾಂಸ ಇಲ್ಲ, ಮೀನಿಲ್ಲ' ಅಂದುಕೊಂಡರೆ ದಾಶಿ ತಪ್ಪಿಸಿಕೊಂಡುಬಿಡುತ್ತೆ. ಪದಾರ್ಥಗಳ ಪಟ್ಟಿಯನ್ನೇ ಪೂರ್ತಿ ಓದಬೇಕು.

ಪ್ರಶ್ನೆ: ನಾವು ಮಂಗಳೂರಿನವರು, ಏನು ಬೇಕಾದರೂ ತಿನ್ನುತ್ತೇವೆ. ಟೋಕಿಯೊದಲ್ಲಿ ಐದು ದಿನ ಇರುತ್ತೇವೆ, ಫ್ರೀಜರಿನಿಂದ ತಿಂದು ನೋಡಲೇಬೇಕಾದ್ದು ಯಾವುದು?
(ಗಂಡ ಹೆಂಡತಿ ಇಬ್ಬರೂ ಸೇರಿ ಕೇಳಿದ್ದು)

ಉತ್ತರ: ನಿಮ್ಮ ಪ್ರಶ್ನೆಗೆ ನನ್ನ ಉತ್ತರಕ್ಕಿಂತ ನನ್ನ ಆಫೀಸಿನ ಗೆಳತಿಯರ ಉತ್ತರ ಮುಖ್ಯ, ಅವರನ್ನೇ ಕೇಳಿ ಬರೆದಿದ್ದೇನೆ. ಎಲ್ಲರೂ ಮೊದಲು ಹೇಳಿದ್ದು ಚಾಹನ್, ಅಂದರೆ ಫ್ರೈಡ್ ರೈಸ್. ಹಂದಿ ಮಾಂಸದ ಸಣ್ಣ ತುಂಡು, ಮೊಟ್ಟೆ ಇರುತ್ತೆ. ಅಗುಳು ಅಗುಳು ಬಿಡಿಯಾಗಿ ಫ್ರೀಜ್ ಆಗಿರುವುದರಿಂದ ಬಿಸಿ ಮಾಡಿದಾಗ ಮುದ್ದೆಯಾಗಲ್ಲ. ಎರಡನೆಯದು ಸೆವೆನ್-ಇಲೆವೆನ್‌ನಲ್ಲಿ ಸಿಗುವ ಸುಮಿರೆ. ಸಪ್ಪೊರೊದ ಹೆಸರಾಂತ ರಾಮೆನ್ ಅಂಗಡಿಯ ಹೆಸರಿನಲ್ಲೇ ಬರುವ ಮಿಸೊ ರಾಮೆನ್, ಅಂದರೆ ಹುದುಗಿಸಿದ ಸೋಯಾ ಮುದ್ದೆ ಕದಡಿದ ಸಾರಿನಲ್ಲಿ ನೂಡಲ್ಸ್. ಆ ಅಂಗಡಿಯ ಸಾರಿನ ಮೇಲೆ ಹಂದಿ ಕೊಬ್ಬಿನ ಪದರ ನಿಂತಿರುತ್ತೆ, ಹಿಮ ಬೀಳುವ ಊರಿನಲ್ಲಿ ಸಾರು ಬೇಗ ಆರದಿರಲಿ ಅಂತ. ಖಾರ ಬೇಕು ಅಂದರೆ ನಕಮೊತೊ ಅನ್ನುವ ಅಂಗಡಿಯ ಹೆಸರಿನ, ಸಾರಿಲ್ಲದ ನೂಡಲ್ಸ್ ನೋಡಿ. ಜಪಾನಿನ ಅಡುಗೆ ಸಪ್ಪೆ ಅನ್ನುವವರ ಬಾಯಿ ಮುಚ್ಚಿಸುವಷ್ಟು ಖಾರ ಇದೆಯಂತೆ.

ತಾಕೊಯಾಕಿ ನೋಡಿದರೆ ನಿಮಗೆ ಪಡ್ಡು ನೆನಪಾಗುತ್ತೆ. ಗುಳಿಯ ಕಾವಲಿಯಲ್ಲೇ ಮಾಡುವುದು, ಒಳಗೆ ಆಕ್ಟೋಪಸ್ ತುಂಡು. ಆದರೆ ಅದನ್ನು ಫ್ರೋಜನ್ ತಿನ್ನಬೇಡಿ. ಬೀದಿಯಲ್ಲಿ ಕಣ್ಣೆದುರು ಮಾಡಿಕೊಡುವಾಗ ಹೊರಗೆ ಗರಿ, ಒಳಗೆ ಮೆತ್ತಗೆ ಇರುತ್ತೆ, ಮೈಕ್ರೊವೇವ್‌ನಲ್ಲಿ ಹೊರಗೂ ಮೆತ್ತಗಾಗುತ್ತೆ. ಚಳಿಗಾಲದಲ್ಲಿ ಹೋದರೆ ಅಲ್ಯೂಮಿನಿಯಂ ಬಟ್ಟಲಿನಲ್ಲೇ ಬರುವ ನಬೆಯಾಕಿ ಉದೊನ್ ಸಿಗುತ್ತೆ. ಕಿನ್‌ರೇ ಅನ್ನುವ ಕಂಪನಿಯದ್ದು ಹೆಸರುವಾಸಿ. ಅದನ್ನು ಜೋಡಿಸಿರುವ ರೀತಿಯೇ ಚೆಂದ, ತಳದಲ್ಲಿ ಗಟ್ಟಿಯಾದ ಸಾರು, ಅದರ ಮೇಲೆ ಉದೊನ್, ಎಲ್ಲಕ್ಕಿಂತ ಮೇಲೆ ತರಕಾರಿ, ಮಾಂಸ. ಒಲೆಯ ಮೇಲಿಟ್ಟರೆ ಕೆಳಗಿನ ಸಾರು ಮೊದಲು ಕರಗಿ ಮೇಲಿನದನ್ನೆಲ್ಲ ತಾನೇ ಬೇಯಿಸುತ್ತೆ, ನೀರು ಕೂಡ ಹಾಕಬೇಕಿಲ್ಲ. ಒಲೆ ಇಲ್ಲದ ಹೋಟೆಲಿನಲ್ಲಿ ಇದನ್ನು ಕೊಳ್ಳಬೇಡಿ, ಆ ಬಟ್ಟಲನ್ನು ಮೈಕ್ರೊವೇವ್‌ಗೆ ಇಡುವಂತಿಲ್ಲ.

ಪ್ರಶ್ನೆ: ಅಂಗಡಿಯವರೇ ಬಿಸಿ ಮಾಡಿ ಕೊಡುತ್ತಾರಾ?
(ಓದುಗರು, ಬಳ್ಳಾರಿ)

ಉತ್ತರ: ತಣ್ಣಗಿರುವ ಊಟದ ಡಬ್ಬಿಗಾದರೆ ಅವರೇ 'ಅತತಮೆಮಾಸ್ ಕಾ?' ಅಂತ ಕೇಳುತ್ತಾರೆ, ಬಿಸಿ ಮಾಡಲಾ ಅಂತ. 'ಹಾಯ್' (ಹೌದು) ಅಂದರೆ ಸಾಕು. ಫ್ರೋಜನ್ ಆದರೆ ಅಂಗಡಿಯಿಂದ ಅಂಗಡಿಗೆ ಬೇರೆ, ಹೊತ್ತು ಜಾಸ್ತಿ ಬೇಕಾಗುವುದರಿಂದ ಕೆಲವರು ಆಗಲ್ಲ ಅನ್ನುತ್ತಾರೆ. ಪ್ಯಾಕೆಟ್ ಮೇಲೆ 500 ವ್ಯಾಟ್, 600 ವ್ಯಾಟ್, 1500 ವ್ಯಾಟ್ ಅಂತ ಬೇರೆ ಬೇರೆ ಸಮಯ ಬರೆದಿರುತ್ತೆ. 1500 ಅಂಗಡಿಯ ಯಂತ್ರಕ್ಕೆ, ರೂಮಿನಲ್ಲಿ ಬಿಸಿ ಮಾಡುವಾಗ ಅದನ್ನು ನೋಡಬೇಡಿ. ಕಡ್ಡಿ, ಚಮಚ ಕೇಳಿ ತಗೊಳ್ಳಿ. ಕೈಚೀಲ ಒಯ್ಯಿರಿ, 2020ರ ಜುಲೈನಿಂದ ಪ್ಲಾಸ್ಟಿಕ್ ಚೀಲಕ್ಕೆ ಕಾಸು ಕೊಡಬೇಕು.

ಪ್ರಶ್ನೆ: ಮಗ ಒಸಾಕಾದಲ್ಲಿ ಓದುತ್ತಿದ್ದಾನೆ. ದಿನಾ ರಾತ್ರಿ ಫ್ರೀಜರಿನ ಊಟವೇ ಅಂತೆ. ಎಷ್ಟು ದಿನದ ಹಿಂದೆ ಮಾಡಿದ್ದೋ, ಕೆಡದೇ ಇರಲಿ ಅಂತ ಏನೇನು ಹಾಕಿರುತ್ತಾರೋ. ನನಗೆ ನಿದ್ದೆ ಬರುತ್ತಿಲ್ಲ ಕಣಮ್ಮ.
(ಒಬ್ಬ ತಾಯಿ, ಹುಬ್ಬಳ್ಳಿ)

ಉತ್ತರ: ಅಮ್ಮಾ, ಕೆಡುವ ಬಗ್ಗೆ ನೀವು ಚಿಂತೆ ಮಾಡಬೇಡಿ. ಮೈನಸ್ 18 ಡಿಗ್ರಿಯಲ್ಲಿ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ತಂಪೇ ಕಾಯುವಾಗ ಕೆಡದಂತೆ ಬೇರೆ ಔಷಧಿ ಹಾಕುವ ಅಗತ್ಯವಿಲ್ಲ. ಆ 18 ಅಲ್ಲಿನವರಿಗೆ ಎಷ್ಟು ಮುಖ್ಯ ಅಂದರೆ ಅಕ್ಟೋಬರ್ 18ನ್ನು ಫ್ರೋಜನ್ ಆಹಾರದ ದಿನ ಅಂತ ಮಾಡಿಕೊಂಡಿದ್ದಾರೆ. ಫ್ರೀಜ್ ಮಾಡುವುದಕ್ಕೆ ಅವರ ಮಾತು 'ರೇತೋ', ಅದರಲ್ಲಿನ 'ತೋ' ಹತ್ತು ಅನ್ನುವ ಅಂಕಿಗೂ ಹೊಂದುತ್ತೆ, ಹಾಗಾಗಿ ಹತ್ತನೇ ತಿಂಗಳು. ಇದು ನಿನ್ನೆ ಮೊನ್ನೆ ಕಲಿತ ವಿದ್ಯೆಯೂ ಅಲ್ಲ. ಹೊಕ್ಕಾಯ್ಡೊದ ಮೋರಿ ಅನ್ನುವ ಊರಿನಲ್ಲಿ 1920ರಲ್ಲೇ ಮೀನು ಫ್ರೀಜ್ ಮಾಡುವ ದೊಡ್ಡ ಘಟಕ ಶುರುವಾಯಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಟಗಾರರ ಊಟಕ್ಕೂ ಫ್ರೋಜನ್ ಆಹಾರ ಬಳಸಿದ್ದರು.

ನೋಡಬೇಕಾದ್ದು ಉಪ್ಪನ್ನು. ಇದರಲ್ಲಿ ನಿಮ್ಮ ಚಿಂತೆ ಸರಿ. ಒಂದು ಬಟ್ಟಲು ರಾಮೆನ್‌ನ ಸಾರನ್ನೆಲ್ಲ ಕುಡಿದರೆ ಐದಾರು ಗ್ರಾಂ ಉಪ್ಪು ಹೊಟ್ಟೆಗೆ ಹೋಗಬಹುದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಪ್ರತಿ ಪ್ಯಾಕೆಟ್ ಹಿಂದೆ ಉಪ್ಪು ಎಷ್ಟು ಗ್ರಾಂ ಅಂತ ಬರೆದಿರುತ್ತೆ, ಅವನಿಗೆ ಅಕ್ಷರ ಓದಲು ಬರುತ್ತೆ, ನೋಡಲು ಹೇಳಿ. ಸಾರು ಬಟ್ಟಲಿನಲ್ಲೇ ಬಿಡಲಿ. ವಾರದಲ್ಲಿ ನಾಲ್ಕು ದಿನವಾದರೂ ಖಾಲಿ ಉದೊನ್‌ಗೋ ಅನ್ನಕ್ಕೋ ಫ್ರೀಜರಿನ ಪಾಲಕ್, ಬ್ರೊಕೊಲಿ, ಎದಮಾಮೆ ಹಾಕಿ ತಾನೇ ಮಾಡಿಕೊಳ್ಳಲಿ, ಹತ್ತು ನಿಮಿಷದ ಕೆಲಸ. ನೀವು ಸಾರಿನ ಪುಡಿ ಕಳಿಸಿಕೊಡಿ. ನಮ್ಮಮ್ಮ ಕಳಿಸುತ್ತಿದ್ದ ಸಾರಿನ ಪುಡಿ ಡಬ್ಬಿ ತೆರೆದಾಗ ರೂಮೆಲ್ಲ ಮನೆ ವಾಸನೆ ಬರುತ್ತಿತ್ತು. ಆವತ್ತು ನಾನು ಫ್ರೀಜರ್ ಊಟ ತಿನ್ನುತ್ತಿರಲಿಲ್ಲ.

ಪ್ರಶ್ನೆ: ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆ ಫ್ರೀಜರಿನಲ್ಲಿ ಇಟ್ಟರೆ ತಿಂಗಳು ಬಿಟ್ಟು ತೆಗೆದಾಗ ಮೆತ್ತಗಾಗಿರುತ್ತೆ. ಅವರದ್ದು ಹಾಗೇಕೆ ಆಗಲ್ಲ?
(ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ಎಲ್ಲಾ ಇರುವುದು ಎಷ್ಟು ಬೇಗ ಗಟ್ಟಿ ಮಾಡುತ್ತೀರಿ ಅನ್ನುವುದರಲ್ಲಿ. ಮೈನಸ್ 1ರಿಂದ ಮೈನಸ್ 5 ಡಿಗ್ರಿ ನಡುವೆ ಕಾಳಿನೊಳಗಿನ ನೀರು ಮಂಜಾಗುತ್ತೆ. ಮನೆಯ ಫ್ರೀಜರಿನಲ್ಲಿ ಈ ಹಂತ ದಾಟಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಮಂಜಿನ ಹರಳು ದೊಡ್ಡದಾಗಿ ಬೆಳೆದು ಜೀವಕೋಶದ ಗೋಡೆಯನ್ನು ಹರಿಯುತ್ತೆ. ಕರಗಿದಾಗ ಆ ನೀರೆಲ್ಲ ಸೋರಿ ಬೇಳೆ ಮೆತ್ತಗಾಗುತ್ತೆ. ಕಾರ್ಖಾನೆಯಲ್ಲಿ ತುಂಬಾ ತಣ್ಣನೆಯ ಗಾಳಿ ಬೀಸಿ ಅರ್ಧ ಗಂಟೆಯೊಳಗೆ ಈ ಹಂತ ದಾಟಿಸುತ್ತಾರೆ, ಹರಳು ಸಣ್ಣದಾಗೇ ಉಳಿಯುತ್ತೆ. ನೀವು ಮನೆಯಲ್ಲಿ ಬೇಳೆಯನ್ನು ಗುಡ್ಡೆ ಹಾಕದೆ, ತಟ್ಟೆಯಲ್ಲಿ ಒಂದೇ ಪದರ ಹರಡಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಪೂರ್ತಿ ಅಲ್ಲದಿದ್ದರೂ ವ್ಯತ್ಯಾಸ ಗೊತ್ತಾಗುತ್ತೆ.

ನೀವು ವಿಜ್ಞಾನದ ವಿದ್ಯಾರ್ಥಿನಿ ಆಗಿದ್ದರೆ ಇದು ಇಷ್ಟವಾಗಬಹುದು. ನಿಚಿರೇ ಕಂಪನಿ 2022ರಲ್ಲಿ ಒಂದು ತಣ್ಣನೆಯ ನೂಡಲ್ಸ್ ತಂದಿತು. ಹೌದು, ಮೈಕ್ರೊವೇವ್‌ನಲ್ಲಿ ಇಟ್ಟು ತೆಗೆದರೂ ತಣ್ಣಗೇ ಇರುತ್ತೆ. ಮೈಕ್ರೊವೇವ್ ಅಲೆ ದ್ರವ ನೀರನ್ನು ಬೇಗ ಬಿಸಿ ಮಾಡುತ್ತೆ, ಮಂಜುಗಡ್ಡೆಯನ್ನು ಅಷ್ಟು ಬೇಗ ಬಿಸಿ ಮಾಡಲಾರದು. ಅದಕ್ಕೇ ನೂಡಲ್ಸ್ ಜೊತೆ ಮಂಜುಗಡ್ಡೆ ತುಂಡು ಇಟ್ಟಿದ್ದಾರೆ. ನೂಡಲ್ಸ್ ಬೆಂದು ಸಡಿಲವಾಗುತ್ತೆ, ಮಂಜು ಹಾಗೇ ಉಳಿಯುತ್ತೆ, ಎರಡನ್ನೂ ಕಲಸಿದರೆ ತಣ್ಣನೆಯ ಊಟ. ಅದರಲ್ಲಿ ಹಂದಿ ಮಾಂಸ ಇರುವುದರಿಂದ ನಾನು ತಿಂದಿಲ್ಲ. ಗೆಳತಿ ತಿನ್ನುವಾಗ ಪಕ್ಕದಲ್ಲಿ ಕೂತು ಆ ಮಂಜಿನ ತುಂಡುಗಳನ್ನು ಕಣ್ಣಾರೆ ನೋಡಿದೆ, ನಿಜಕ್ಕೂ ಖುಷಿಯಾಯಿತು.

ಪ್ರಶ್ನೆ: ಮಕ್ಕಳಿಗೆ ಐಸ್‌ಕ್ರೀಂ ಯಾವುದು ಕೊಡಿಸಲಿ? ಬೀನ್ಸ್ ಐಸ್‌ಕ್ರೀಂ ಅಂತ ಒಂದಿದೆಯಂತೆ, ಚೆನ್ನಾಗಿರುತ್ತಾ?
(ಓದುಗರು, ತುಮಕೂರು)

ಉತ್ತರ: ತುಂಬಾ ಚೆನ್ನಾಗಿರುತ್ತೆ. ಅದು ಅಜುಕಿ ಬಾರ್, ಇಮುರಾಯಾ ಕಂಪನಿ 1973ರಿಂದ ಮಾಡುತ್ತಿದೆ. ಅಜುಕಿ ಅಂದರೆ ಅಲಸಂದೆಯ ಜಾತಿಗೆ ಹತ್ತಿರದ ಕೆಂಪು ಕಾಳು. ಬೇಯಿಸಿ ಸಕ್ಕರೆ ಹಾಕಿದರೆ ಹೋಳಿಗೆ ಹೂರಣದ ರುಚಿ, ಅದನ್ನೇ ಕಡ್ಡಿಗೆ ಗಟ್ಟಿ ಮಾಡಿದ್ದಾರೆ ಅಂದುಕೊಳ್ಳಿ. ಕಾಳು, ಸಕ್ಕರೆ, ಪಿಷ್ಟದ ಪಾಕ, ಜೋಳದ ಪಿಷ್ಟ, ಉಪ್ಪು. ಹಾಲಿಲ್ಲ, ಮೊಟ್ಟೆಯಿಲ್ಲ. ಆದರೆ ಕಲ್ಲಿನಷ್ಟು ಗಟ್ಟಿ, ಕಂಪನಿಯವರೇ ಹಲ್ಲು ಜೋಪಾನ ಅಂತ ಎಚ್ಚರಿಸುತ್ತಾರೆ. ಮಕ್ಕಳಿಗೆ ಐದು ನಿಮಿಷ ಬಿಟ್ಟು ಕೊಡಿ.

ಯುಕಿಮಿ ದಾಯ್ಫುಕು ಕೂಡ ಮಕ್ಕಳಿಗೆ ಹಿಡಿಸುತ್ತೆ. ಅಂಟಕ್ಕಿ ಹಿಟ್ಟಿನ ತೆಳು ಹೊದಿಕೆಯೊಳಗೆ ವೆನಿಲಾ ಐಸ್, ಪೆಟ್ಟಿಗೆಯಲ್ಲಿ ಎರಡು ಉಂಡೆ. ಲಾಟ್ಟೆ ಕಂಪನಿ 1981ರಲ್ಲಿ ಚಳಿಗಾಲದಲ್ಲೂ ಜನ ಐಸ್ ತಿನ್ನಲಿ ಅಂತ ಮಾಡಿದ್ದು. ಮೊಟ್ಟೆ ತಿನ್ನದವರು ಹಿಂದೆ ಓದಿ ತಗೊಳ್ಳಿ. ಅದೇ ವರ್ಷ ಬಂದ ಗಾರಿಗಾರಿ-ಕುನ್ ಅಗ್ಗದ ಐಸ್ ಕಡ್ಡಿ. ತಿಂದು ಮುಗಿಸಿದಾಗ ಕಡ್ಡಿ ಮೇಲೆ 'ಅತಾರಿ' ಅಂತ ಬರೆದಿದ್ದರೆ ಇನ್ನೊಂದು ಪುಕ್ಕಟೆ. ಮಕ್ಕಳು ಐಸಿಗಿಂತ ಆ ಅಕ್ಷರಕ್ಕೆ ಕಾಯುತ್ತಾರೆ.

ಮರೆಯಬೇಡಿ, ಸೆವೆನ್-ಇಲೆವೆನ್‌ನ ಎಷ್ಟೋ ಅಂಗಡಿಗಳಲ್ಲಿ ಸ್ಮೂದಿ ಯಂತ್ರ ಇದೆ. ಹಣ್ಣು, ತರಕಾರಿ ತುಂಡು ತುಂಬಿದ ಲೋಟ ಫ್ರೀಜರಿನಲ್ಲಿರುತ್ತೆ. ಅದನ್ನು ತೆಗೆದು, ಕಾಸು ಕೊಟ್ಟು, ಯಂತ್ರದೊಳಗೆ ಇಟ್ಟು ಗುಂಡಿ ಒತ್ತಿದರೆ ಅಲ್ಲೇ ಅರೆದು ಕೊಡುತ್ತೆ. ಬೇಸಿಗೆಯಲ್ಲಿ ಊರು ಸುತ್ತಿ ಸುಸ್ತಾದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಾಣೆ.

ಪ್ರಶ್ನೆ: ಬರುವಾಗ ಒಂದೆರಡು ಪ್ಯಾಕೆಟ್ ಊರಿಗೆ ತರಬಹುದಾ? ಈಗ ಬೆಂಗಳೂರಿಗೆ ನೇರ ವಿಮಾನ ಇದೆಯಲ್ಲ.
(ಓದುಗರು, ದಾವಣಗೆರೆ)

ಉತ್ತರ: ಟೋಕಿಯೊ ಹತ್ತಿರದ ನರಿತಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ವಿಮಾನ 2021ರಲ್ಲೇ ಶುರುವಾಗಿದೆ, ಆದರೂ ಫ್ರೋಜನ್ ತರಬೇಡಿ. ಹೋಟೆಲ್ ಬಿಟ್ಟು ಮನೆ ಸೇರುವಷ್ಟರಲ್ಲಿ ಅರ್ಧ ದಿನ ದಾಟಿರುತ್ತೆ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ತಿನ್ನಬಾರದು. ಒಣ ಅಜುಕಿ ಕಾಳು ಸೂಪರ್‌ ಮಾರ್ಕೆಟ್ಟಿನಲ್ಲಿ ಸಿಗುತ್ತೆ, ಆದರೆ ಅಂಥ ಬೀಜ ಕಾಳು ತರಲು ನಿಯಮಗಳಿವೆ, ಅದೂ ಬೇಡ. ಅಲಸಂದೆ ಕಾಳನ್ನೇ ಮೆತ್ತಗೆ ಬೇಯಿಸಿ, ಸಕ್ಕರೆ, ಚಿಟಿಕೆ ಉಪ್ಪು ಹಾಕಿ, ಅರ್ಧ ಕಾಳು ಮಸೆದು ಅರ್ಧ ಹಾಗೇ ಬಿಟ್ಟು, ಕುಲ್ಫಿ ಅಚ್ಚಿಗೆ ತುಂಬಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ನಾನು ಊರಿಗೆ ಬಂದ ಮೇಲೆ ಹೀಗೇ ಮಾಡುತ್ತಿದ್ದೇನೆ.